ಜಪಾನಿನ ಕಡಲ ಬಂಡೆಗಳು: ಪೂಜೆ ಕಲ್ಲಿಗೋ, ಕಲ್ಲಿನಾಚೆಗೋ?

ಪ್ರಶ್ನೆ (ಹಾಸನದ ಓದುಗ)

ನಮ್ಮೂರಿನ ಹಾಸನಾಂಬೆಯನ್ನು ಹುತ್ತದ ರೂಪದಲ್ಲಿ ಪೂಜಿಸುತ್ತಾರೆ. ಅದೇ ಗುಡಿಯ ಸೊಸೆಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆ ಎಂಬ ನಂಬಿಕೆಯೂ ಇರುವುದರಿಂದ, ಕಡೆಯದ ಕಲ್ಲಿಗೆ ಕೈಮುಗಿಯುವುದು ನನಗೆ ಅಪರಿಚಿತವಲ್ಲ. ಆದರೆ ಜಪಾನಿನ ಫುತಾಮಿ ಎಂಬಲ್ಲಿ ಕಡಲೊಳಗೆ ನಿಂತ ಎರಡು ಬಂಡೆಗಳಿಗೆ ದಪ್ಪನೆಯ ಹುಲ್ಲಿನ ಹಗ್ಗ ಕಟ್ಟಿರುವ ಚಿತ್ರವನ್ನು ನೋಡಿದಾಗಿನಿಂದ ಒಂದು ಸಂದೇಹ ಉಳಿದಿದೆ. ಅವನ್ನು 'ದಂಪತಿ ಬಂಡೆ' ಎನ್ನುತ್ತಾರಂತೆ. ಅಲ್ಲಿ ಬಂಡೆಯೇ ದೇವರೋ, ದೇವರು ಬಂದಿಳಿಯುವ ಪೀಠವೋ, ಅಥವಾ ಕೇವಲ ಗುರುತೋ?

ಉತ್ತರ 1 (ಚಿಕ್ಕಮಗಳೂರಿನಿಂದ)

ಫುತಾಮಿಯ ಮಟ್ಟಿಗೆ ಹೇಳುವುದಾದರೆ ಅದು ಬಾಗಿಲು. ಮಿಎ ಪ್ರಾಂತ್ಯದ ಇಸೆ ನಗರದ ಬಳಿಯಿರುವ ಈ ಬಂಡೆಗಳಲ್ಲಿ ದೊಡ್ಡದು ಸುಮಾರು 9 ಮೀಟರ್, ಚಿಕ್ಕದು ಸುಮಾರು 4 ಮೀಟರ್ ಎತ್ತರವಿದ್ದು, ಜಪಾನಿನ ದ್ವೀಪಗಳನ್ನು ಹೆತ್ತ ಇಜಾನಾಗಿ, ಇಜಾನಾಮಿ ದೇವದಂಪತಿಗಳ ಹೆಸರಿನೊಂದಿಗೆ ಅವನ್ನು ಜೋಡಿಸುತ್ತಾರೆ. ಆದರೆ ದಡದಲ್ಲಿರುವ ಗುಡಿಯ ಮುಖ್ಯ ದೈವ ಸಾರುತಾಹಿಕೊ. ಆತನಿಗೆ ಸಂಬಂಧಿಸಿದ ಪವಿತ್ರ ಶಿಲೆಯಿರುವುದು ಬಂಡೆಗಳಿಂದಾಚೆ, ಸುಮಾರು 700 ಮೀಟರ್ ದೂರದ ಕಡಲಿನಲ್ಲಿ, ನೀರಿನಡಿಯಲ್ಲಿ. ಕಣ್ಣಿಗೆ ಕಾಣದ ಆ ಶಿಲೆಗೂ ಉದಯಿಸುವ ಸೂರ್ಯನಿಗೂ ಈ ಜೋಡಿ ಬಂಡೆಗಳ ನಡುವಿನಿಂದ ನಮಸ್ಕರಿಸುತ್ತಾರೆ. ಜೂನ್ 21ರ ಆಸುಪಾಸಿನಲ್ಲಿ ಸೂರ್ಯ ಅವೆರಡರ ಮಧ್ಯದಿಂದಲೇ ಮೇಲೇಳುತ್ತಾನೆ. ಆಕಾಶ ತಿಳಿಯಾಗಿದ್ದರೆ ಹಿಂದೆ ಫುಜಿ ಪರ್ವತವೂ ಕಾಣುತ್ತದೆ.

ಶಿಮೆನಾವಾ ಎಂಬ ಆ ಹಗ್ಗವು ಶುದ್ಧವಾದ ಜಾಗದ ಎಲ್ಲೆಯನ್ನು ಸೂಚಿಸುತ್ತದೆ. ಗಾಳಿ ಮತ್ತು ಅಲೆಗಳಿಗೆ ಸವೆಯುವುದರಿಂದ ಮೇ, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ, ಹೀಗೆ ವರ್ಷಕ್ಕೆ ಮೂರು ಬಾರಿ ಹೊಸತನ್ನು ಕಟ್ಟುತ್ತಾರೆ. ಹಿಂದೆ ಇಸೆಯ ಮಹಾಗುಡಿಗೆ ಹೊರಟ ಯಾತ್ರಿಕರು ಮೊದಲು ಈ ಕಡಲಿನಲ್ಲಿ ಮಿಂದು ಮಡಿಯಾಗುತ್ತಿದ್ದರು. ಪ್ರವಾಸಿ ಬರಹಗಳು ಮದುವೆಯ ಸಂಕೇತವೆಂಬ ಒಂದೇ ಮಾತನ್ನು ಹಿಡಿದು ಇದೆಲ್ಲವನ್ನೂ ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಉತ್ತರ 2 (ಸಕಲೇಶಪುರದಿಂದ)

ಫುತಾಮಿಯ ಮಾತನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಅದೇ ಮಿಎ ಪ್ರಾಂತ್ಯದ ಕುಮಾನೊ ಕರಾವಳಿಯಲ್ಲಿರುವ ಹಾನಾ ನೊ ಇವಾಯಾದಲ್ಲಿ ಪ್ರಧಾನ ಗುಡಿಯೇ ಇಲ್ಲ. ಸುಮಾರು 45 ಮೀಟರ್ ಎತ್ತರದ ಬಂಡೆಯ ಮುಂದೆಯೇ ಪೂಜೆ. ಅಗ್ನಿದೇವನನ್ನು ಹೆತ್ತು ಸುಟ್ಟು ಸತ್ತ ಇಜಾನಾಮಿಯನ್ನು ಈ ಸೀಮೆಯಲ್ಲಿ ಹೂಳಲಾಯಿತೆಂದೂ, ಜನರು ಹೂವುಗಳಿಂದಲೂ ವಾದ್ಯ, ಪತಾಕೆ, ಕುಣಿತಗಳಿಂದಲೂ ಆಕೆಯನ್ನು ಪೂಜಿಸುತ್ತಾರೆಂದೂ 720ರ 'ನಿಹೊನ್ ಶೊಕಿ' ಎಂಬ ಜಪಾನಿನ ಹಳೆಯ ಚರಿತ್ರೆ-ಪುರಾಣ ಗ್ರಂಥದ ಒಂದು ಪಾಠ ಹೇಳುತ್ತದೆ. ಇಂದಿಗೂ ಫೆಬ್ರವರಿ 2 ಮತ್ತು ಅಕ್ಟೋಬರ್ 2ರಂದು ಬಂಡೆಯ ನೆತ್ತಿಯಿಂದ ಉದ್ದನೆಯ ಹಗ್ಗವನ್ನು ಇಳಿಬಿಟ್ಟು, ಕಡಲ ದಡದತ್ತ ಎಳೆದು ಕಟ್ಟುತ್ತಾರೆ. ಇಲ್ಲಿ ನೋಟ ಬಂಡೆಯಿಂದಾಚೆಗೆ ಹೋಗುವುದೇ ಇಲ್ಲ.

'ನಿಹೊನ್ ಶೊಕಿ'ಗಿಂತ 8 ವರ್ಷ ಹಿಂದಿನ 'ಕೊಜಿಕಿ' ಎಂಬ ಗ್ರಂಥವಾದರೋ ಆಕೆಯ ಸಮಾಧಿಯನ್ನು ದೂರದ ಇಜುಮೊ ಗಡಿಯ ಹಿಬಾ ಬೆಟ್ಟದಲ್ಲಿಟ್ಟಿದೆ. ಸ್ಥಳಪುರಾಣಗಳ ಈ ತಕರಾರು ನಮಗೇನೂ ಹೊಸದಲ್ಲವಷ್ಟೆ.

ಉತ್ತರ 3 (ಚಿಕ್ಕಮಗಳೂರಿನಿಂದ, ಇತಿಹಾಸದ ವಿದ್ಯಾರ್ಥಿನಿ)

ನಂಬಿಕೆಯ ಮಾತನ್ನು ಬಿಟ್ಟು ನೆಲ ಅಗೆದು ಸಿಕ್ಕ ಸಾಕ್ಷ್ಯ ಬೇಕಿದ್ದರೆ ಒಕಿನೊಶಿಮಾವನ್ನು ನೋಡಬೇಕು. ಕ್ಯೂಶು ದ್ವೀಪದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಕೊರಿಯಾದತ್ತ ಸಾಗುವ ಹಡಗುಗಳ ದಾರಿಯಲ್ಲಿರುವ ಈ ನಡುಗಡ್ಡೆಯಲ್ಲಿ 4ನೇ ಶತಮಾನದಿಂದ 9ನೇ ಶತಮಾನದವರೆಗೆ ಪೂಜೆಗಳು ನಡೆದವು. ಮೊದಲು ದೊಡ್ಡ ಬಂಡೆಗಳ ಮೇಲೆ, ಅನಂತರ ಚಾಚಿದ ಬಂಡೆಗಳ ನೆರಳಿನಲ್ಲಿ, ಆಮೇಲೆ ಅರ್ಧ ನೆರಳು ಅರ್ಧ ಬಯಲಿನಲ್ಲಿ, ಕೊನೆಗೆ ಬಂಡೆಗಳಿಂದ ದೂರದ ತೆರೆದ ಜಾಗದಲ್ಲಿ ಕಾಣಿಕೆಗಳನ್ನು ಇಟ್ಟಿರುವುದು ಕಂಡುಬಂದಿದೆ. ಕಂಚಿನ ಕನ್ನಡಿ, ಕೊರಿಯಾದ ಚಿನ್ನದ ಉಂಗುರ, ಪರ್ಶಿಯಾದಿಂದ ಬಂದ ಗಾಜಿನ ಬಟ್ಟಲಿನ ಚೂರು ಮೊದಲಾದ ಸುಮಾರು 80,000 ವಸ್ತುಗಳು ರಾಷ್ಟ್ರೀಯ ನಿಧಿಯೆನಿಸಿವೆ. ಕಲ್ಲು ಸ್ವತಃ ದೇವರಾಗಿದ್ದರೆ ಪೂಜೆಯ ಜಾಗ ಹೀಗೆ ಹಂತಹಂತವಾಗಿ ಅದರಿಂದ ದೂರ ಸರಿಯುವುದು ಕಷ್ಟ. ಆವಾಹನೆಯ ಪೀಠವಾಗಿದ್ದರೆ ಮಾತ್ರ ಈ ಚಲನೆ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಡೀ ನಡುಗಡ್ಡೆಯೇ ಪವಿತ್ರವೆನಿಸಿದ್ದು, ಅಲ್ಲಿಂದ ಒಂದು ಹುಲ್ಲುಕಡ್ಡಿಯನ್ನೂ ತರಬಾರದೆಂಬ ಕಟ್ಟಳೆಯಿದೆ. ಹೆಂಗಸರಿಗೆ ಪ್ರವೇಶವಿಲ್ಲ, 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಈ ನಿಷೇಧ ಸಡಿಲವಾಗಿಲ್ಲ. ಅಲ್ಲಿ ನೆಲೆಸಿರುವುದು ದೇವಿಯೇ ಆಗಿರುವಾಗ ಇದು ವಿಚಿತ್ರವೆಂದು ನನಗೆ ತೋರುತ್ತದೆ. ಓಶಿಮಾ ಎಂಬ ಇನ್ನೊಂದು ದ್ವೀಪದಲ್ಲಿ, ದೂರದಿಂದಲೇ ನಮಸ್ಕರಿಸಲೆಂದು ಪ್ರತ್ಯೇಕ ಗುಡಿಯಿದೆ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಕುಶಿಮೊತೊ ಎಂಬಲ್ಲಿ ಕಡಲಿನಲ್ಲಿ ಸಾಲಾಗಿ ನಿಂತ ಬಂಡೆಗಳೂ ಇದೇ ಬಗೆಯವೆ?

ಉತ್ತರ 2 (ಸಕಲೇಶಪುರದಿಂದ)

ಅವು ಹಾಶಿಗುಯಿ ಬಂಡೆಗಳು. ಮುಖ್ಯವಾಗಿ ಕತೆಯ ಬಂಡೆಗಳು. ಒಂದೇ ರಾತ್ರಿಯಲ್ಲಿ ಎದುರಿನ ದ್ವೀಪಕ್ಕೆ ಸೇತುವೆ ಕಟ್ಟುವುದಾಗಿ ಕೋಬೊ ದಾಯಿಶಿ ಎಂಬ ಬೌದ್ಧ ಗುರು ಒಂದು ತುಂಟ ಪಿಶಾಚಿಯೊಡನೆ ಪಂಥ ಕಟ್ಟಿದನಂತೆ. ಸೋಲು ಖಚಿತವೆಂದು ಕಂಡ ಪಿಶಾಚಿ ಕೋಳಿಯಂತೆ ಕೂಗಲು, ಬೆಳಗಾಯಿತೆಂದು ನಂಬಿದ ಗುರು ಕೆಲಸ ನಿಲ್ಲಿಸಿದ. ಉಳಿದದ್ದು ಸೇತುವೆಯ ಕಂಬಗಳು ಮಾತ್ರ. ಭೂವಿಜ್ಞಾನದ ಪ್ರಕಾರ, ಮೆದು ಕೆಸರುಶಿಲೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸವು, ಸುತ್ತಲಿನ ಮೆದು ಭಾಗವನ್ನು ಅಲೆಗಳು ಕೊರೆದು ಹಾಕಿದ ಮೇಲೆ, ಸುಮಾರು 850 ಮೀಟರ್ ಉದ್ದದ ಸಾಲಾಗಿ ಉಳಿದಿದೆ.