ಎಎಲ್‌ಪಿ ನಾರ್ಮಲ್ ಅಂದ್ರೆ ಮೂಳೆ ಕ್ಲಿಯರ್ರಾ?

(ಮೂವರ ಗ್ರೂಪ್ ಚಾಟ್: ಸುರೇಶ ಮೂಳೆ ಡಾಕ್ಟರ್, ಗೀತಾ ರಕ್ತಪರೀಕ್ಷೆ ನೋಡೋ ಬಯೋಕೆಮಿಸ್ಟ್ರಿಯವರು, ಇಮ್ತಿಯಾಜ್ ಕ್ಯಾನ್ಸರ್ ಡಾಕ್ಟರ್.)

ಸುರೇಶ ಆರ್ಥೋ: ಫಾರ್ವರ್ಡ್ ಆಗಿ ಬಂದ ಪೋಸ್ಟರ್: “ಕ್ಯಾನ್ಸರ್ ಮೂಳೆಗೆ ಹರಡಿದೆಯೇ? ಎಎಲ್‌ಪಿ (ಮೂಳೆ ಕಟ್ಟುವಾಗ ಏರುವ ಕಿಣ್ವ), ಸಿಟಿಎಕ್ಸ್ (ಮೂಳೆ ಸವೆದಾಗ ರಕ್ತಕ್ಕೆ ಬರುವ ಚೂರು), ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್). ಒಂದೇ ಟ್ಯೂಬ್ ರಕ್ತದಲ್ಲಿ ಉತ್ತರ!”

ಸುರೇಶ ಆರ್ಥೋ: ಪೇಷೆಂಟ್ ಗ್ರೂಪಿಗೂ ಹಾಕ್ತೀನಿ. ಬೋನ್ ಸ್ಕ್ಯಾನ್ ಸಿಗದ ಊರಲ್ಲಿ ಇಷ್ಟಾದ್ರೂ ಇರಲಿ.

ಗೀತಾ ಬಯೋಕೆಮ್: ಹಾಕಬೇಡ ಕಣೋ. ಎಎಲ್‌ಪಿ ಲಿವರಿಂದಲೂ ಬರತ್ತೆ. ಫ್ರ್ಯಾಕ್ಚರ್ ಕೂಡ್ತಿದ್ರೂ ಏರತ್ತೆ, ವಿಟಮಿನ್ ಡಿ ತೀರಾ ಕಮ್ಮಿಯಾಗಿ ಮೂಳೆ ಮೆತ್ತಗಾದ್ರೂ ಏರತ್ತೆ.

ಸುರೇಶ ಆರ್ಥೋ: ಜೊತೆಗೆ ಜಿಜಿಟಿ ಅಂತ ಲಿವರ್ ಕಿಣ್ವದ ಟೆಸ್ಟ್ ಮಾಡಿಸಿದ್ರಾಯ್ತಲ್ಲ. ಅದು ನಾರ್ಮಲ್ ಇದ್ರೆ ಎಎಲ್‌ಪಿ ಬಹುಪಾಲು ಮೂಳೆದೇ.

ಗೀತಾ ಬಯೋಕೆಮ್: ಮೂಳೆದು ಸರಿ, ಕ್ಯಾನ್ಸರ್‌ದು ಅಂತ ಯಾರು ಹೇಳಿದ್ರು? ಸಿಟಿಎಕ್ಸ್ ಇನ್ನೂ ಚಂಚಲ. ಬೆಳಗಿನ ಜಾವ ಜಾಸ್ತಿ, ತಿಂಡಿ ತಿಂದ್ರೆ ಇಳಿಯತ್ತೆ. ಖಾಲಿ ಹೊಟ್ಟೇಲಿ, 10 ಗಂಟೆ ಒಳಗೆ ತೆಗೀಬೇಕು. ಕಿಡ್ನಿ ಸೋತಿದ್ರೆ ಹೊರಗೆ ಹೋಗದೆ ಏರತ್ತೆ. ಮೂಳೆ ಸವೆತ ತಡೆಯೋ ಜೊಲೆಡ್ರಾನಿಕ್ ಆಸಿಡ್ ಹಾಕಿದ್ರೆ ಗಡ್ಡೆ ಇದ್ರೂ ಸಿಟಿಎಕ್ಸ್ ತಳಕ್ಕಿಳಿಯತ್ತೆ. ಇನ್ನು “ಒಂದೇ ಟ್ಯೂಬ್” ಅಂತೂ ಶುದ್ಧ ತಪ್ಪು. ಸಿಟಿಎಕ್ಸ್‌ಗೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಟ್ಯೂಬ್ ವಾಸಿ. ಅದರಲ್ಲೇ ಎಎಲ್‌ಪಿ ನಡೆಸಿದ್ರೆ, ಆ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂ ಎರಡನ್ನೂ ಇಡಿಟಿಎ ಹಿಡ್ಕೊಂಡುಬಿಡತ್ತೆ. ರಿಪೋರ್ಟ್ ಸುಳ್ಳುಸುಳ್ಳೇ ಕಮ್ಮಿ ಬರತ್ತೆ.

ಇಮ್ತಿಯಾಜ್ ಆಂಕೋ: ಪಿಎಸ್‌ಎನೂ ಹಾಗೇ. ಪ್ರಾಸ್ಟೇಟ್ ಊದಿದ್ದಕ್ಕೆ ಕೊಡೋ ಫಿನಾಸ್ಟರೈಡ್ 6 ತಿಂಗಳು ತಗೊಂಡವರಲ್ಲಿ ಸುಮಾರು ಅರ್ಧಕ್ಕೆ ಬಂದಿರತ್ತೆ. 5 ಅಂತ ಬಂದ್ರೆ 10 ಅಂತ ಓದ್ಕೋ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾಕೋ ಹಾರ್ಮೋನ್ ತಗ್ಗಿಸೋ ಇಂಜೆಕ್ಷನ್ನು ತಾನೇ ಮೂಳೆ ಸವೆಸಿ ಸಿಟಿಎಕ್ಸ್ ಏರಿಸತ್ತೆ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಎಎಲ್‌ಪಿ ಏರಿದ್ದು ಮೂಳೆ ಮಾಯ್ತಿರೋದಕ್ಕೂ ಇರಬಹುದು, ಅಷ್ಟಕ್ಕೇ ಔಷಧಿ ಬದಲಿಸಬಾರದು. ಬರೀ ಮೂಳೆ ಕರಗಿಸೋ ಗಡ್ಡೆಗಳಲ್ಲಿ ಎಎಲ್‌ಪಿ ಅಲ್ಲಾಡದೇ ಇರೋದೂ ಉಂಟು.

ಸುರೇಶ ಆರ್ಥೋ: ಹಾಗಂತ ಕೈ ಬಿಡೋದಾ ಮಾರಾಯ? ಗೊತ್ತಿರೋ ಕೇಸಿನ ಫಾಲೋಅಪ್‌ಗೆ ಇದಕ್ಕಿಂತ ಅಗ್ಗದ್ದು ಏನಿದೆ?

ಗೀತಾ ಬಯೋಕೆಮ್: ಫಾಲೋಅಪ್‌ಗೆ ನಾನೂ ಬೇಡ ಅನ್ನಲ್ಲ. ಆದ್ರೆ ಒಂದೇ ಲ್ಯಾಬ್, ಒಂದೇ ಕಿಟ್, ಒಂದೇ ಹೊತ್ತು. ಚೀಟಿ ಮೇಲೆ ಮಾತ್ರೆಗಳ ಹೆಸರು, ಕೊನೇ ಇಂಜೆಕ್ಷನ್ ತಾರೀಖು, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಬರಿ. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ 10 ಮಿಲಿಗ್ರಾಂ ನುಂಗ್ತಿದ್ದಾರಾ ಕೇಳು. ಕೆಲವು ಕಿಟ್‌ಗಳಲ್ಲಿ ಅದು ಪಿಎಸ್‌ಎ ಕಮ್ಮಿ ತೋರಿಸತ್ತೆ. 2-3 ದಿನ ಬಿಡಿಸಿ ರಕ್ತ ತೆಗೆಸು.

ಸುರೇಶ ಆರ್ಥೋ: ಸರಿ, ಪೋಸ್ಟರ್ ಬೇಡ. ಆದ್ರೆ ಕ್ಯಾನ್ಸರ್ ಆಗಿದ್ದೋರು ಬೆನ್ನುನೋವು ಅಂತ ಬಂದ್ರೆ ಎಎಲ್‌ಪಿ ಬರೆದೇ ಬರೀತೀನಿ.

ಇಮ್ತಿಯಾಜ್ ಆಂಕೋ: ಬರಿ, ಅದರ ಜೊತೆ ಸ್ಕ್ಯಾನೂ ಬರಿ. ಕಾಲಲ್ಲಿ ಬಲ ಇಲ್ಲ, ಮೂತ್ರ ಕಟ್ಟಿದೆ ಅಂದ್ರೆ ಮಾತ್ರ ಯಾವ ರಿಪೋರ್ಟಿಗೂ ಕಾಯಬೇಡ, ಗಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು. ಊತ ಇಳಿಸೋ ಸ್ಟೀರಾಯ್ಡ್ ಡೆಕ್ಸಾಮೆಥಸೋನ್ ಶುರು ಮಾಡಿ, ಅವತ್ತೇ ಇಡೀ ಬೆನ್ನುಮೂಳೆ ಎಂಆರ್‌ಐಗೆ ಕಳಿಸು.