ಉದ್ಯಾನ ಕೊಟ್ಟು ಜಮೀನು ಪಡೆಯುವ ನಗರಸಭೆ: ವಕೀಲರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ನಮ್ಮ ಬಡಾವಣೆಯ 32 ಗುಂಟೆ ಉದ್ಯಾನವನ್ನು ಖಾಸಗಿಯವರೊಬ್ಬರಿಗೆ ವಾಣಿಜ್ಯ ಸಂಕೀರ್ಣ ಕಟ್ಟಲು ಬಿಟ್ಟುಕೊಟ್ಟು, ಬದಲಿಗೆ ಅವರಿಂದ ಊರಾಚೆ 2 ಎಕರೆ 20 ಗುಂಟೆ ಜಮೀನು ಪಡೆಯಲು ನಗರಸಭೆ ನಿರ್ಣಯಿಸಿದೆ. ಭೂ ವ್ಯಾಜ್ಯಗಳನ್ನು ನಡೆಸುವ ವಕೀಲರೊಬ್ಬರು ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಬೇಕಾಗಿ ವಿನಂತಿ.

ಎರಡನೇ ಮುಖ್ಯರಸ್ತೆಯ ನಿವಾಸಿ: ಮೇಡಂ, ಉದ್ಯಾನದ ಖಾತೆ ನಗರಸಭೆಯ ಹೆಸರಿನಲ್ಲೇ ಇದೆ. ಹಾಗಿದ್ದಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡುವ ಅಧಿಕಾರ ಅವರಿಗೆ ಇದ್ದೇ ಇದೆ ಎಂದು ನಮ್ಮ ವಾರ್ಡಿನ ಸದಸ್ಯರು ಹೇಳುತ್ತಿದ್ದಾರೆ. ಇದು ನಿಜವೇ?

ವಕೀಲರು: ನಿಜವಲ್ಲ. ಬಡಾವಣೆಯ ನಕ್ಷೆಗೆ ಅನುಮೋದನೆ ಸಿಕ್ಕಿದ್ದೇ ಆ ಜಾಗವನ್ನು ಸಾರ್ವಜನಿಕರ ಬಳಕೆಗೆ ಬಿಡಬೇಕೆಂಬ ಷರತ್ತಿನ ಮೇಲೆ. ನಗರಸಭೆ ಅದನ್ನು ನಿಮ್ಮೆಲ್ಲರ ಪರವಾಗಿ ನೋಡಿಕೊಳ್ಳುತ್ತಿದೆಯೇ ಹೊರತು ತನ್ನ ಸ್ವಂತಕ್ಕೆ ಕೊಂಡ ನಿವೇಶನದಂತೆ ಅನುಭವಿಸುತ್ತಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಹಂಚಿದಾಗ, ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆ ಕಾನೂನುಬಾಹಿರವೆಂದು ತೀರ್ಪಿತ್ತಿತಲ್ಲದೆ, ಇಂಥ ನಿರ್ಧಾರವನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂಬುದನ್ನೂ ಎತ್ತಿಹಿಡಿಯಿತು. ಅಲ್ಲಿ ಬರಬೇಕಿದ್ದದ್ದು ಆಸ್ಪತ್ರೆ, ನಿಮ್ಮಲ್ಲಿ ಬರಲಿರುವುದು ಅಂಗಡಿ ಮಳಿಗೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ: ಮಳಿಗೆಗಳು ನೆಲದಡಿಯಲ್ಲಿ ಬರುತ್ತವೆ, ಮೇಲೆ ಉದ್ಯಾನ ಹಾಗೆಯೇ ಉಳಿಯುತ್ತದೆ ಎಂದೂ ಭರವಸೆ ಕೊಟ್ಟಿದ್ದಾರಲ್ಲ?

ವಕೀಲರು: ಲಖನೌದ ಅಮೀನಾಬಾದಿನಲ್ಲಿಯೂ ಇದೇ ಭರವಸೆ ಕೊಟ್ಟಿದ್ದರು. ಝಂಡೇವಾಲಾ ಉದ್ಯಾನದಡಿ ಮಾರುಕಟ್ಟೆ ಕಟ್ಟಲು ಅಲ್ಲಿನ ಮಹಾಪಾಲಿಕೆ ಖಾಸಗಿ ಬಿಲ್ಡರ್ ಜೊತೆ ಮಾಡಿಕೊಂಡ ಒಪ್ಪಂದವನ್ನು ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಲಿಲ್ಲ. ಕಟ್ಟಿದ್ದನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಿಕೊಡಲು ಆದೇಶಿಸಿತು.

ಉದ್ಯಾನದೆದುರಿನ ನಿವೇಶನದಾರರು: ಉದ್ಯಾನಕ್ಕೆ ಎದುರಾಗಿದೆ ಎಂಬ ಕಾರಣಕ್ಕೆ ನಾವು ನಿವೇಶನಕ್ಕೆ ಹೆಚ್ಚು ಹಣ ತೆತ್ತಿದ್ದೇವೆ. ಆ ವ್ಯತ್ಯಾಸದ ಮೊತ್ತವನ್ನು ಪರಿಹಾರವಾಗಿ ಕೇಳಲು ಸಾಧ್ಯವೇ?

ಐದನೇ ಅಡ್ಡರಸ್ತೆಯ ನಿವಾಸಿ: ಈ ಕೆಳಗಿನ ಸಂದೇಶ ನಮ್ಮ ಬೇರೊಂದು ಗುಂಪಿನಿಂದ ಬಂದಿದೆ. “ನಿವಾಸಿಗಳು ನ್ಯಾಯಾಲಯದಲ್ಲಿ ಒಂದು ಕೇವಿಯಟ್ ಹಾಕಿದರೆ ನಗರಸಭೆ ಆ ಜಾಗವನ್ನು ಮುಟ್ಟುವಂತಿಲ್ಲ. ಎಲ್ಲರಿಗೂ ತಲುಪಿಸಿ.” ನಾವು ಇದನ್ನು ನಾಳೆಯೇ ಮಾಡಬಹುದೇ?

ವಕೀಲರು: ಮಾಡಬಹುದು, ಆದರೆ ಅದರಿಂದ ಏನೂ ನಿಲ್ಲುವುದಿಲ್ಲ. ಎದುರು ಪಕ್ಷದವರು ನ್ಯಾಯಾಲಯಕ್ಕೆ ಬಂದು ನಿಮ್ಮ ವಿರುದ್ಧ ಆದೇಶ ಕೇಳಿದಾಗ, ನಿಮ್ಮ ಮಾತನ್ನೂ ಕೇಳದೆ ಆದೇಶ ಕೊಡಬಾರದು ಎಂದು ಮುಂಚಿತವಾಗಿ ತಿಳಿಸುವ ಅರ್ಜಿಯಷ್ಟೇ ಕೇವಿಯಟ್. ಅದರ ಆಯುಸ್ಸು 90 ದಿನ. ಇಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾದವರು ನೀವು; ನಗರಸಭೆಗೆ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಕೇವಿಯಟ್ ಹಾಕಿದ್ದೇವೆಂದು ನೀವು ನಿಶ್ಚಿಂತೆಯಿಂದ ಕುಳಿತಿರುವಾಗಲೇ ವಿನಿಮಯ ಪತ್ರ ನೋಂದಣಿಯಾಗಿಬಿಡುತ್ತದೆ. ಆ ಸಂದೇಶವನ್ನು ದಯವಿಟ್ಟು ಯಾರಿಗೂ ತಲುಪಿಸಬೇಡಿ.

ಮೊದಲನೇ ಅಡ್ಡರಸ್ತೆಯ ಹಿರಿಯರು: ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಲ ನಾವೆಲ್ಲರೂ ಆ ಉದ್ಯಾನವನ್ನು ಬಳಸಿದ್ದೇವೆ. ಅನುಭೋಗದ ಆಧಾರದ ಮೇಲೆ ಅದು ನಮ್ಮದೇ ಆಯಿತಲ್ಲವೇ?

ವಕೀಲರು: ಇಲ್ಲ. ಸಾರ್ವಜನಿಕರಾಗಿ ಸಾರ್ವಜನಿಕ ಉದ್ಯಾನದಲ್ಲಿ ನಡೆದಾಡಿದರೆ ಯಾರಿಗೂ ಒಡೆತನ ಬರುವುದಿಲ್ಲ. ಅನುಭೋಗವೆಂದರೆ ಬೇರೆಯವರ ಜಾಗವನ್ನು ಅವರ ಹಕ್ಕಿಗೆ ವಿರುದ್ಧವಾಗಿ ಸ್ವಾಧೀನದಲ್ಲಿ ಇಟ್ಟುಕೊಂಡವರ ವಾದ; ಅದನ್ನು ಹೂಡಿದರೆ ನೀವೇ ಒತ್ತುವರಿದಾರರೆಂದು ಒಪ್ಪಿಕೊಂಡಂತಾಗುತ್ತದೆ.

ಉದ್ಯಾನ ಗೆಳೆಯರ ಬಳಗದ ಸದಸ್ಯರು: ಕಾನೂನಿನ ಗೊಡವೆಯೇ ಬೇಡ. ಉದ್ಯಾನದ ಮೂಲೆಯ ಅರಳಿಮರದ ಕೆಳಗೆ ಕಟ್ಟೆ ಕಟ್ಟಿಸಿ, ನಾಲ್ಕು ನಾಗರಕಲ್ಲು ಪ್ರತಿಷ್ಠಾಪಿಸಿದರೆ ಯಾವ ಬಿಲ್ಡರನೂ ಅತ್ತ ಸುಳಿಯುವುದಿಲ್ಲ. ಹಲವು ಕಡೆ ಹೀಗೆ ಮಾಡಿ ಗೆದ್ದಿದ್ದಾರೆಂದು ಒಂದು ವಿಡಿಯೋ ಬಂದಿದೆ.

ವಕೀಲರು: ಉದ್ಯಾನ, ಬೀದಿ ಮತ್ತಿತರ ಸಾರ್ವಜನಿಕ ಸ್ಥಳಗಳಲ್ಲಿ ದೇವಸ್ಥಾನ, ಮಸೀದಿ, ಚರ್ಚ್, ಗುರುದ್ವಾರಗಳ ಹೆಸರಿನಲ್ಲಿ ಹೊಸದಾಗಿ ಅನಧಿಕೃತ ನಿರ್ಮಾಣಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲಿಯೇ ಆದೇಶಿಸಿದೆ. ಉದ್ಯಾನವನ್ನು ಉದ್ಯಾನವಾಗಿಯೇ ಉಳಿಸಿ ಎಂದು ಕೇಳಲು ಹೋಗುವವರು ಅದೇ ಉದ್ಯಾನದಲ್ಲಿ ಕಟ್ಟೆ ಕಟ್ಟಿಸಿದ್ದರೆ ನ್ಯಾಯಾಧೀಶರು ಮೊದಲು ನಿಮ್ಮನ್ನೇ ಪ್ರಶ್ನಿಸುತ್ತಾರೆ.

ಉದ್ಯಾನ ಗೆಳೆಯರ ಬಳಗದ ಸದಸ್ಯರು: ನಮ್ಮ ನಂಬಿಕೆಗಳ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಕಾನೂನು ನೆನಪಾಗುತ್ತದೆ.

ಮೂರನೇ ಅಡ್ಡರಸ್ತೆಯ ವ್ಯಾಪಾರಸ್ಥರು: ನಿಷ್ಠುರವಾದರೂ ಒಂದು ಮಾತು ಹೇಳುತ್ತೇನೆ. ಆ ಉದ್ಯಾನದಲ್ಲಿ ಇರುವುದು ಪಾರ್ಥೇನಿಯಂ ಗಿಡ ಮತ್ತು ಬಿಯರ್ ಬಾಟಲಿಗಳು. ಹತ್ತು ಅಂಗಡಿ ಬಂದರೆ ಊರಿಗೂ ಒಳ್ಳೆಯದು, ನಗರಸಭೆಗೂ ತೆರಿಗೆ ಬರುತ್ತದೆ. ಕೊಡುತ್ತಿರುವುದು 32 ಗುಂಟೆ, ಸಿಗುತ್ತಿರುವುದು ಅದರ ಮೂರು ಪಟ್ಟಿಗಿಂತ ಹೆಚ್ಚು. ಇದರಲ್ಲಿ ನಷ್ಟ ಯಾರಿಗೆ?

ನಿವೃತ್ತ ಉಪನ್ಯಾಸಕರು: ಮೇಲಿನ ಪ್ರಶ್ನೆಗೆ ಉತ್ತರ ನನ್ನ ಬಳಿ ಇದೆ ಎಂದುಕೊಂಡಿದ್ದೇನೆ. ಬದಲಿಗೆ ಕೊಡಲು ಒಪ್ಪಿರುವ ಜಮೀನಿನ ಪಹಣಿಯನ್ನು ತೆಗೆಸಿದೆ. ಒಟ್ಟು ವಿಸ್ತೀರ್ಣ 2 ಎಕರೆ 20 ಗುಂಟೆ ಎಂದೇ ಇದೆ. ಆದರೆ ಅದರ ಕೆಳಗೆ ಖರಾಬು (ಬ) ಎಂಬಲ್ಲಿ 1 ಎಕರೆ 34 ಗುಂಟೆ ಎಂದಿದೆ. ಸರ್ವೆ ನಕಾಶೆಯಲ್ಲಿ ಜಮೀನಿನ ನಡುವೆ ಹಳ್ಳವೊಂದು ಹಾದುಹೋಗುತ್ತದೆ. ನಿರ್ಣಯದ ಪ್ರತಿಯನ್ನೂ ಪರಿಚಯದವರ ಮೂಲಕ ನೋಡಿದೆ. ಅದು ಕಾರ್ಯಸೂಚಿಯಲ್ಲಿ ಇರಲೇ ಇಲ್ಲ, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬಡಿಯಲ್ಲಿ ಬಂದಿದೆ. ಮೇಡಂ, ಇದರ ಅರ್ಥವೇನು?

ವಕೀಲರು: ಸರ್, ಈ ಸಂಜೆ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ ಪ್ರಶ್ನೆ ಇದೊಂದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಪಹಣಿಯಲ್ಲಿ ಖರಾಬು ಎರಡು ಬಗೆ. ಬಂಡೆ, ಕಟ್ಟಡ, ಕಣ ಮುಂತಾದ ಕಾರಣದಿಂದ ಸಾಗುವಳಿಗೆ ಬಾರದ ಭಾಗ ‘ಅ’ ಖರಾಬು. ಹಳ್ಳ, ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಭಾಗ ‘ಬ’ ಖರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಈ ವಿಂಗಡಣೆಯನ್ನು ಹೇಳುತ್ತದೆ. ‘ಬ’ ಖರಾಬು ಆ ಸರ್ವೆ ನಂಬರಿನೊಳಗೆ ಇದ್ದರೂ ಹಿಡುವಳಿದಾರರ ಸ್ವತ್ತಲ್ಲ. ಹಳ್ಳಕೊಳ್ಳ, ಕೆರೆ, ಸಾರ್ವಜನಿಕ ರಸ್ತೆಗಳು ಸರ್ಕಾರಕ್ಕೆ ಸೇರಿದವು ಎಂದು 1964ರ ಭೂಕಂದಾಯ ಅಧಿನಿಯಮದ 67ನೇ ಪ್ರಕರಣ ಸಾರುತ್ತದೆ. ಅಂದಮೇಲೆ ನಿಮ್ಮ ಲೆಕ್ಕದಲ್ಲಿ ಆ ಖಾಸಗಿಯವರು ಕೊಡಲು ಶಕ್ತರಾಗಿರುವುದು 100 ಗುಂಟೆಯಲ್ಲಿ 74 ಕಳೆದು ಉಳಿಯುವ 26 ಗುಂಟೆ ಮಾತ್ರ. ಊರೊಳಗಿನ 32 ಗುಂಟೆ ಉದ್ಯಾನವನ್ನು ಕೊಟ್ಟು ಊರಾಚೆಯ 26 ಗುಂಟೆಯನ್ನು, ಅದರ ಜೊತೆಗೆ ಮೊದಲೇ ಸರ್ಕಾರದ್ದಾಗಿದ್ದ ಹಳ್ಳವನ್ನು, ನಗರಸಭೆ ಪಡೆದುಕೊಳ್ಳುತ್ತಿದೆ. ನಷ್ಟ ಯಾರಿಗೆ ಎಂದು ಕೇಳಿದವರು ಇದನ್ನು ಓದಿಕೊಳ್ಳಲಿ.

ಪಹಣಿಯೊಂದನ್ನೇ ನಂಬಬೇಡಿ. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಮತ್ತು ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ಮೂಲ ದಾಖಲೆ) ಮತ್ತು ಸರ್ವೆ ನಕಾಶೆಯ ದೃಢೀಕೃತ ಪ್ರತಿಗಳನ್ನು ಭೂದಾಖಲೆಗಳ ಕಚೇರಿಯಿಂದ ಪಡೆದು ತಾಳೆ ನೋಡಿ, ಏಕೆಂದರೆ ಪಹಣಿಯಲ್ಲಿ ಖರಾಬು ಹೆಚ್ಚುಕಡಿಮೆಯಾಗಿ ನಮೂದಾಗಿರುವ ಉದಾಹರಣೆಗಳನ್ನು ಕಂಡಿದ್ದೇನೆ. ನಿಮ್ಮ ಉದ್ಯಾನದ ಮಟ್ಟಿಗೆ ಅನುಮೋದಿತ ಬಡಾವಣೆ ನಕ್ಷೆ ಮತ್ತು ಜಾಗವನ್ನು ನಗರಸಭೆಗೆ ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ ಬೇಕು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿ 1985ರಲ್ಲಿ ಬಂದ ಕರ್ನಾಟಕದ ಅಧಿನಿಯಮದಂತೆ ಇಂಥ ಜಾಗಗಳ ಪಟ್ಟಿ ತಯಾರಾಗಬೇಕು. ನಿಮ್ಮ ಉದ್ಯಾನ ಆ ಪಟ್ಟಿಯಲ್ಲಿದೆಯೇ ಎಂಬುದನ್ನೂ ಕೇಳಿ.

ಇನ್ನು ನಿರ್ಣಯ. ಪರಿಚಯದವರ ಮೂಲಕ ನೋಡಿದ ಪ್ರತಿ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬಾರದು. ಸಭೆಯ ನೋಟಿಸು, ಕಾರ್ಯಸೂಚಿ ಮತ್ತು ನಡವಳಿಯ ದೃಢೀಕೃತ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುಂಬಿಸಿದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ. ಆದರೆ 30 ದಿನ ಕಾಯುತ್ತ ಕೂರಬೇಡಿ. ಪುರಸಭೆಗಳ ಅಧಿನಿಯಮದ 306ನೇ ಪ್ರಕರಣದಡಿ ನಗರಸಭೆಯ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ. ಪಹಣಿ ಮತ್ತು ನಕಾಶೆಯನ್ನು ಲಗತ್ತಿಸಿ ಈ ವಾರವೇ ಮನವಿ ಕೊಟ್ಟು, ಹಿಂಬರಹಕ್ಕೆ, ಅಂದರೆ ಲಿಖಿತ ಉತ್ತರಕ್ಕೆ, ಒತ್ತಾಯಿಸಿ. ನನ್ನ ಆತಂಕವಿರುವುದು ವಿನಿಮಯ ಪತ್ರದ ನೋಂದಣಿಯ ಬಗ್ಗೆ. ನೋಂದಣಿಯಾಗಿ, ಮರ ಕಡಿದು, ಅಡಿಪಾಯ ಎದ್ದಮೇಲೆ ಗೆದ್ದರೂ ಉದ್ಯಾನ ಮರಳಿ ಬರಲು ವರ್ಷಗಳೇ ಹಿಡಿಯುತ್ತವೆ.

ಆರನೇ ಅಡ್ಡರಸ್ತೆಯ ನಿವಾಸಿ: ಮೇಡಂ, ತಡವಾಗಿ ಬಂದೆ. ಕೇವಿಯಟ್ ಹಾಕಿದರೆ ಸಾಕಲ್ಲವೇ?

ವಕೀಲರು: ಮೇಲೆ ಓದಿ.

ಮೂರನೇ ಅಡ್ಡರಸ್ತೆಯ ವ್ಯಾಪಾರಸ್ಥರು: ಪಹಣಿಯ ಒಂದು ಅಂಕಣ ನೋಡಿ ಎಲ್ಲರನ್ನೂ ಕಳ್ಳರೆನ್ನುವುದು ಸರಿಯಲ್ಲ. ಉಪನ್ಯಾಸಕರು ಇಷ್ಟು ವರ್ಷ ಉದ್ಯಾನದ ಕಸ ಎತ್ತಿಸಲು ಒಂದು ಅರ್ಜಿಯನ್ನಾದರೂ ಕೊಟ್ಟಿದ್ದರೇ?

ನಿವೃತ್ತ ಉಪನ್ಯಾಸಕರು: ಯಾರನ್ನೂ ಕಳ್ಳರೆಂದಿಲ್ಲ, ದಾಖಲೆಯಲ್ಲಿ ಇರುವುದನ್ನು ಓದಿದ್ದೇನೆ. ತಮ್ಮ ಕಾಂಪೌಂಡು ಉದ್ಯಾನದೊಳಗೆ ಮೂರು ಅಡಿ ಬಂದಿರುವುದರ ಬಗ್ಗೆಯೂ ಅರ್ಜಿ ಕೊಡಬೇಕಿತ್ತು ಎನ್ನುವುದಾದರೆ ತಮ್ಮ ಮಾತನ್ನು ಒಪ್ಪುತ್ತೇನೆ.

ಮೂರನೇ ಅಡ್ಡರಸ್ತೆಯ ವ್ಯಾಪಾರಸ್ಥರು: ಅಳತೆ ಮಾಡಿಸಿ ಮಾತನಾಡಿ. ವಯಸ್ಸಿಗೆ ಬೆಲೆ ಕೊಟ್ಟು ಸುಮ್ಮನಿದ್ದೇನೆ.

ಉದ್ಯಾನ ಗೆಳೆಯರ ಬಳಗದ ಸದಸ್ಯರು: ಕಾಂಪೌಂಡು ಬಂದರೆ ಒತ್ತುವರಿಯಲ್ಲ, ನಾಗರಕಲ್ಲು ಇಟ್ಟರೆ ಒತ್ತುವರಿ! ಚೆನ್ನಾಗಿದೆ.

ವಕೀಲರು: ಎರಡೂ ಒತ್ತುವರಿಯೇ. ಜಂಟಿ ಸರ್ವೆ ಆದ ದಿನ ಆ ಮೂರು ಅಡಿಯೂ ನಕಾಶೆಯ ಮೇಲೆ ಬರುತ್ತದೆ. ಉದ್ಯಾನ ಉಳಿಸಲು ಬಂದವರೇ ಅದರೊಳಗೆ ಗೋಡೆ ಹಾಕಿಕೊಂಡಿದ್ದಾರೆಂದು ಎದುರು ಪಕ್ಷದ ವಕೀಲರು ವಾದಿಸುವ ಮೊದಲು ನಿಮ್ಮ ನಿಮ್ಮಲ್ಲಿ ಸರಿಪಡಿಸಿಕೊಳ್ಳಿ.

ಉದ್ಯಾನದೆದುರಿನ ನಿವೇಶನದಾರರು: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಐದನೇ ಅಡ್ಡರಸ್ತೆಯ ನಿವಾಸಿ: ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ನೂರು ನಿವಾಸಿಗಳು ಸಹಿ ಹಾಕಿ ನೋಟರಿ ಮಾಡಿಸಿದರೆ ಅದೇ ತಡೆಯಾಜ್ಞೆಗೆ ಸಮ ಎಂದು ಇನ್ನೊಂದು ಸಂದೇಶ ಬಂದಿದೆ.

ವಕೀಲರು: ಸ್ವಾಮಿ, ತಡೆಯಾಜ್ಞೆಯನ್ನು ಕೊಡುವುದು ನ್ಯಾಯಾಲಯ. ನೋಟರಿಯ ಮುದ್ರೆ ಸಹಿ ನಿಮ್ಮದೇ ಎಂದು ಹೇಳುತ್ತದೆ, ಅಷ್ಟೇ. ಆ ಹಣದಲ್ಲಿ ದೃಢೀಕೃತ ನಕಾಶೆಗೆ ಅರ್ಜಿ ಹಾಕಿ. ಇಂಥ ಸಂದೇಶಗಳಿಗೆ ಇನ್ನು ಉತ್ತರಿಸುವುದಿಲ್ಲ.

ಎರಡನೇ ಮುಖ್ಯರಸ್ತೆಯ ನಿವಾಸಿ: ಜಿಲ್ಲಾಧಿಕಾರಿಗಳು ಮನವಿಯನ್ನು ಹಾಗೆಯೇ ಇಟ್ಟುಕೊಂಡರೆ ಮುಂದೇನು ಮೇಡಂ?

ವಕೀಲರು: ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಮನವಿಯ ಸ್ವೀಕೃತಿ, ನಕಾಶೆ, ಪಹಣಿ ಇವು ಮೂರು ಕೈಯಲ್ಲಿದ್ದರೆ ನೇರವಾಗಿ ಬನ್ನಿ. ಅರ್ಜಿದಾರರಾಗಲು ಇಬ್ಬರು ಮೂವರು ಸಾಕು, ಆದರೆ ಉದ್ಯಾನದ ಅಂಚಿನಲ್ಲಿ ಯಾವ ತಕರಾರೂ ಇಲ್ಲದವರಾಗಿರಬೇಕು.

ಮೂರನೇ ಅಡ್ಡರಸ್ತೆಯ ವ್ಯಾಪಾರಸ್ಥರು: ಇದು ನನ್ನನ್ನು ಕುರಿತು ಹೇಳಿದ್ದೇ?

ಗುಂಪಿನ ನಿರ್ವಾಹಕರು: ಕಾಂಪೌಂಡಿನ ವಿಷಯವನ್ನು ಸಂಬಂಧಪಟ್ಟವರು ನೇರವಾಗಿ ಮಾತನಾಡಿಕೊಳ್ಳಬೇಕಾಗಿ ಕೋರುತ್ತೇನೆ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯ ಕರಡನ್ನು ಉಪನ್ಯಾಸಕರು ಬರೆಯುತ್ತಾರೆ. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಉದ್ಯಾನದ ಗೇಟಿನ ಬಳಿ ಗುರುತಿನ ಚೀಟಿಯ ನಕಲಿನೊಂದಿಗೆ ಬರಬೇಕು. ಸದ್ಯಕ್ಕೆ ಸಂದೇಶ ಕಳುಹಿಸುವ ಅವಕಾಶವನ್ನು ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಲಾಗಿದೆ.