ಕಾಲೇಜು ಮೇಳದಲ್ಲಿ ಮೆಹಂದಿ ಸ್ಟಾಲ್: ಯಾವ ಚಿತ್ರ ಹಾಕಬಹುದು, ಯಾವುದು ಬೇಡ?

ಕ್ಯಾತ್ಸಂದ್ರ_ಕೋನ್:
ತುಮಕೂರಿನ ನಮ್ಮ ಕಾಲೇಜು ಮೇಳದಲ್ಲಿ ಮೆಹಂದಿ ಸ್ಟಾಲ್ ಹಾಕ್ತಿದ್ದೀವಿ. ಬೋರ್ಡಿನಲ್ಲಿ ಅರೇಬಿಕ್, ಮೊರೊಕ್ಕನ್, ಸೂಡಾನಿ ಅಂತ ಬರೆದರೆ ಬೇರೆಯವರ ಸಂಪ್ರದಾಯ ಮಾರಿದ ಹಾಗಾಗುತ್ತಾ? ಸೂಡಾನಿನ ವಿದ್ಯಾರ್ಥಿಗಳೂ ಬರ್ತಾರೆ. ಕೆಲವರು ಅರಬ್ಬಿ ಅಕ್ಷರ, ಗಣೇಶ ಕೇಳ್ತಾರೆ. ಅಂಗಡಿ ಕೋನ್ ಸಾಕಾ? ಗೊತ್ತಿರೋರು ಹೇಳಿ.

ಗೋರಂಟಿ_ಗಿಡ (ಕೋಲಾರ):
ಗೋರಂಟಿ ಯಾರೊಬ್ಬರ ಸೊತ್ತೂ ಅಲ್ಲಮ್ಮ. ಕೋಲಾರದ ಕಡೆ ಆಷಾಢದಲ್ಲಿ ಹಸಿ ಸೊಪ್ಪು ಅರೆದು ಅಂಗೈ ನಡುವೆ ದುಂಡಗಿಟ್ಟು ಬೆರಳ ತುದಿಗೆ ಮೆತ್ತುತ್ತಾರೆ. 2024ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಗೋರಂಟಿ ಸೇರಿದ್ದು 16 ಅರಬ್ ದೇಶಗಳ ಒಟ್ಟು ಅರ್ಜಿಯಿಂದ, ಅದರಲ್ಲಿ ಸೂಡಾನೂ ಇದೆ. ಹಾಕೋದು ತಪ್ಪಲ್ಲ, ಸುಳ್ಳು ಹೆಸರು ಕೊಟ್ಟು ಹಾಕೋದು ತಪ್ಪು. ನಮ್ಮಲ್ಲಿ ಅರೇಬಿಕ್ ಅನ್ನೋ ಓರೆ ಬಳ್ಳಿ, ದೊಡ್ಡ ಹೂವು ಕೊಲ್ಲಿ ದೇಶಗಳ ಕಡೆಯದು. ಮೊರೊಕ್ಕೊದ ಫೆಸ್ ಊರಿನದು ನೇರ ಗೆರೆ, ವಜ್ರಾಕಾರ. ಹೂಬಳ್ಳಿ ಬಿಡಿಸಿ ಮೊರೊಕ್ಕನ್ ಅಂತ ಬರೀಬೇಡಿ. ಖಚಿತ ಇಲ್ಲದಿದ್ದರೆ ಬಳ್ಳಿ, ಜಾಲರಿ ಅಂತಲೇ ಬರೀರಿ. ಸೂಡಾನಿನಲ್ಲಿ ಕೈಕಾಲು ತುಂಬಿದ ಗಾಢ ಗೋರಂಟಿ ಹೆಚ್ಚಾಗಿ ಮದುಮಗಳದು, ಮದುವೆಯಾದವರದು. ಆ ವಿದ್ಯಾರ್ಥಿಗಳನ್ನೇ ಮೊದಲು ಕೇಳಿ.

ಅಲ್ಲಾಹನ ಹೆಸರು, ಕುರ್‌ಆನ್ ಸಾಲು ಖಂಡಿತ ಬೇಡ. ಅದೇ ಕೈಯಲ್ಲಿ ಶೌಚಕ್ಕೆ ಹೋಗಬೇಕು, ಒಣಗಿದ ಚೂರು ಕಾಲಡಿಗೆ ಬೀಳುತ್ತೆ. ಗಣೇಶ, ಓಂ ಪಾದಕ್ಕಂತೂ ಬೇಡವೇ ಬೇಡ.

ಸೋಸಿದ_ಪುಡಿ:
ಪೇಸ್ಟ್ ನೀವೇ ಕಲಸಿ. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಕೋನ್‌ನಲ್ಲಿ ಬರೀ ಗೋರಂಟಿ ಇರೋಕೆ ಸಾಧ್ಯವಿಲ್ಲ. ತೆಳು ಬಟ್ಟೆಯಲ್ಲಿ ಸೋಸಿದ 100 ಗ್ರಾಂ ಪುಡಿ, 30 ಗ್ರಾಂ ಸಕ್ಕರೆ, 30 ಮಿ.ಲೀ. ನೀಲಗಿರಿ ಎಣ್ಣೆ. ನೀರು ಸುಮಾರು 250 ಮಿ.ಲೀ., ಒಂದೇ ಸಲ ಸುರಿಯಬೇಡಿ. ಚಮಚ ಎತ್ತಿದಾಗ ರಿಬ್ಬನ್ನಿನಂತೆ ಇಳಿಯಬೇಕು. ತಲೆಗೆ ಹಚ್ಚೋ ಪುಡಿ ತರಿ, ಕೋನ್ ಮೂತಿ ಕಟ್ಟಿಕೊಳ್ಳುತ್ತೆ. ಮುಚ್ಚಿ 8ರಿಂದ 12 ಗಂಟೆ ಇಡಿ, ಬೇಸಿಗೆಯಲ್ಲಿ 5-6 ಸಾಕು. ಮೇಲ್ಭಾಗ ಕಂದಾಗಿ ಒಳಗೆ ಹಸಿರಿದ್ದರೆ ಬಣ್ಣ ಬಿಟ್ಟಿದೆ ಅಂತ. ಕೂಡಲೇ ಬಳಸಿ, ಇಲ್ಲವೇ ಫ್ರೀಜರಿಗೆ ಹಾಕಿ. ಸಕ್ಕರೆ ಕಡಿಮೆಯಾದರೆ ಬಿರುಕುಬಿಟ್ಟು ಉದುರುತ್ತೆ, ಹೆಚ್ಚಾದರೆ ಮಳೆಗಾಲದಲ್ಲಿ ಒಣಗೋದೇ ಇಲ್ಲ.

ಆರು ಗಂಟೆ ಬಿಟ್ಟು ಕೆರೆದು ತೆಗೀಬೇಕು, ತೊಳೀಬಾರದು. ಮೊದಲು ಕಿತ್ತಳೆ, 48 ಗಂಟೆಗೆ ಕಂದುಗೆಂಪು. ಇದನ್ನ ಬೋರ್ಡಿನಲ್ಲೇ ಬರೀರಿ, ಇಲ್ಲದಿದ್ದರೆ ಸಂಜೆಯೇ ಬಣ್ಣ ಬಂದಿಲ್ಲ ಅಂತ ಬರ್ತಾರೆ.

ಕ್ಯಾತ್ಸಂದ್ರ_ಕೋನ್:
ಕಪ್ಪೇ ಬೇಕು ಅಂದರೆ?

ಸೋಸಿದ_ಪುಡಿ:
ಕೊಡಬೇಡಿ. ಗಂಟೆಯಲ್ಲಿ ಕಪ್ಪಾಗೋ ಕೋನ್‌ನಲ್ಲಿ ಸಾಮಾನ್ಯವಾಗಿ ಇರೋದು ಹೇರ್ ಡೈಗೆ ಹಾಕೋ ಪಿಪಿಡಿ ಅನ್ನೋ ರಾಸಾಯನಿಕ. ಕೆಲವು ದಿನಗಳ ಮೇಲೂ ಚಿತ್ರದ ಗೆರೆಯುದ್ದಕ್ಕೂ ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಹೇರ್ ಡೈಯೂ ಆಗಿಬರಲ್ಲ. ಚರ್ಮ ದಪ್ಪ ಇರೋ ಅಂಗೈ, ಅಂಗಾಲಿಗೆ ಶುದ್ಧ ಪೇಸ್ಟನ್ನೇ ದಪ್ಪಗೆ ಹಾಕಿ, ಗಾಢ ಕಂದು ಬರುತ್ತೆ.

ಗೌರಿಬಿದನೂರು_ಅಕ್ಕ:
ಮೇಳದ ತಾರೀಖು ನೋಡಿಕೊಳ್ಳಿ. ನಮ್ಮ ತಾಲ್ಲೂಕಿನ ಅಲೀಪುರದ ಶಿಯಾ ಮನೆಗಳಲ್ಲಿ ಮೊಹರಂ ಶುರುವಾದ ಮೇಲೆ ಎರಡು ತಿಂಗಳು ಎಂಟು ದಿನ ಶೋಕ, ಸಿಂಗಾರ ಮಾಡಿಕೊಳ್ಳಲ್ಲ. ಬೇಡ ಅಂದವರನ್ನ ಚಿಕ್ಕದೊಂದು ಹಾಕಿಸಿಕೋ ಅಂತ ಕೈಹಿಡಿದು ಎಳೀಬೇಡಿ. ಕೂಸುಗಳಿಗೂ ಹಾಕಬೇಡಿ. ಜಿ6ಪಿಡಿ ಅನ್ನೋ ಕಿಣ್ವದ (ಎನ್‌ಜೈಮ್) ಕೊರತೆ ಹುಟ್ಟಿನಿಂದಲೇ ಇದ್ದ ಮಗುವಿಗೆ ಶುದ್ಧ ಗೋರಂಟಿಯಿಂದಲೂ ರಕ್ತಕಣ ಒಡೆಯಬಹುದು.